ಮನೆಯವರು ಹೊರಗೋ ಒಳಗೋ: ಬೆಂಗಳೂರು ದಂಡಿನ ಸೀಮೆ ಮತ್ತು ಅನೊರೆಕ್ಸಿಯಾ ಚಿಕಿತ್ಸೆಯ ಹಾದಿ

ಹಸಿವು ಇದ್ದೂ ಉಣ್ಣದೆ, ತುತ್ತು ತುತ್ತಿಗೂ ಲೆಕ್ಕ ಹಾಕುತ್ತಾ ಮೈಯನ್ನು ಒಣಗಿಸಿಕೊಳ್ಳುವ ಕಾಯಿಲೆಗೆ ವೈದ್ಯರು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಹೆಚ್ಚಾಗಿ ಹದಿವಯಸ್ಸಿನ ಹುಡುಗಿಯರಲ್ಲಿ ಇದು ಶುರುವಾಗುತ್ತದೆ, ಹುಡುಗರಲ್ಲೂ ಇಲ್ಲದಿಲ್ಲ. ತೂಕ ಇಳಿದಂತೆ ಮುಟ್ಟು ನಿಲ್ಲುತ್ತದೆ, ಕೈಕಾಲು ತಣ್ಣಗಾಗುತ್ತವೆ, ನಾಡಿ ನಿಧಾನವಾಗುತ್ತದೆ, ಮೂಳೆ ಸವೆಯುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದೂ ಇದೆ. ರೋಗಿಯ ಮನಸ್ಸಿನಲ್ಲಿರುವ ತನ್ನ ಮೈಯ ಚಿತ್ರಕ್ಕೂ ಕಣ್ಣೆದುರಿನ ಮೈಗೂ ತಾಳೆಯಾಗದಿರುವುದು ಈ ಕಾಯಿಲೆಯ ಮುಖ್ಯ ಲಕ್ಷಣವೆಂದು ಇಂದಿನ ಪಠ್ಯಗಳು ಹೇಳುತ್ತವೆ. ಆ ಚಿತ್ರವನ್ನು ದೇಹಬಿಂಬ ಎಂದು ಕರೆಯುವುದುಂಟು. ಎಲುಬು ಕಾಣುವಷ್ಟು ಸೊರಗಿದ ಹುಡುಗಿ ತನ್ನ ಹೊಟ್ಟೆ ಇನ್ನೂ ಮುಂದೆ ಬಂದಿದೆ ಎನ್ನುತ್ತಾಳೆ, ಹಾಗೆಂದು ಪೂರ್ತಿ ನಂಬಿಯೂ ಇರುತ್ತಾಳೆ.

ಈ ಕಾಯಿಲೆಗೆ ಹೆಸರು ಬಂದದ್ದು ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ. 1868ರಲ್ಲಿ ವಿಲಿಯಂ ಗಲ್ ಎಂಬ ಲಂಡನ್ನಿನ ವೈದ್ಯ ಆಕ್ಸ್‌ಫರ್ಡಿನ ಭಾಷಣವೊಂದರಲ್ಲಿ ಕಾರಣವಿಲ್ಲದೆ ಕೃಶರಾಗುವ ಯುವತಿಯರ ಪ್ರಸ್ತಾಪ ಮಾಡಿದ. ಐದು ವರ್ಷಗಳ ನಂತರ, 1873ರಲ್ಲಿ, ಅವನೂ ಪ್ಯಾರಿಸಿನ ಶಾರ್ಲ್ ಲಸೇಗ್ ಎಂಬ ವೈದ್ಯನೂ ಬೇರೆ ಬೇರೆಯಾಗಿ ಇದರ ಪೂರ್ಣ ವಿವರಣೆ ಕೊಟ್ಟರು. ಗಲ್‌ನ ಚಿಕಿತ್ಸೆ ಸರಳವಾಗಿತ್ತು: ಮೈ ಬೆಚ್ಚಗಿಡುವುದು, ಹೊತ್ತುಹೊತ್ತಿಗೆ ಆಹಾರ ಕೊಡುವುದು, ರೋಗಿಯನ್ನು ಬಂಧುಬಳಗದಿಂದ ದೂರ ಇಡುವುದು. ಇಂಥ ರೋಗಿಗೆ ಮನೆಯವರಷ್ಟು ಕೆಟ್ಟ ಆರೈಕೆದಾರರು ಬೇರೆ ಇಲ್ಲ ಎಂಬುದು ಅವನ ಅಭಿಪ್ರಾಯ. ಪ್ಯಾರಿಸಿನ ಶಾರ್ಕೊ ಎಂಬ ವೈದ್ಯ ಕೂಡ ಈ ಮಾತನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಯುರೋಪಿನ ಆಸ್ಪತ್ರೆಗಳಲ್ಲಿ ತಾಯಿತಂದೆಯರನ್ನು ಬಾಗಿಲಾಚೆ ನಿಲ್ಲಿಸುವುದೇ ಪದ್ಧತಿಯಾಯಿತು.

ಗಲ್ ಆ ಭಾಷಣ ಮಾಡಿದ ವರ್ಷವೇ ಬೆಂಗಳೂರಿನ ದಂಡಿನಲ್ಲಿ (ಬ್ರಿಟಿಷರ ಕಂಟೋನ್ಮೆಂಟ್), ಇಂದಿನ ಶಿವಾಜಿನಗರದಲ್ಲಿ, ಬೌರಿಂಗ್ ಆಸ್ಪತ್ರೆ ತೆರೆಯಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಈ ಕಟ್ಟಡಕ್ಕೆ ಪ್ಯಾರಿಸಿನ ಲಾರಿಬುವಾಸಿಯೇರ್ ಆಸ್ಪತ್ರೆಯ ನಕ್ಷೆ ಮಾದರಿಯಾಗಿತ್ತು. ಕಟ್ಟಡದ ಮಾದರಿ ಫ್ರಾನ್ಸಿನಿಂದ ಬಂತು. ಲಂಡನ್, ಪ್ಯಾರಿಸ್‌ಗಳಲ್ಲಿ ಹುಟ್ಟಿದ ಹೊಸ ರೋಗದ ಹೆಸರು ಇಲ್ಲಿಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು. ಅದಕ್ಕೆ ಕಾರಣಗಳಿದ್ದವು. 1876ರಿಂದ 78ರವರೆಗಿನ ಭೀಕರ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತ್ತು. ಅನ್ನವಿಲ್ಲದೆ ಜನ ದಾರಿಯಲ್ಲಿ ಬಿದ್ದು ಸತ್ತ ನಾಡಿನಲ್ಲಿ, ತಟ್ಟೆಯಲ್ಲಿ ಅನ್ನವಿದ್ದೂ ಒಲ್ಲೆನೆನ್ನುವುದು ರೋಗವಾಗಿ ಕಾಣುವುದು ಸುಲಭವಿರಲಿಲ್ಲ. ಸೊರಗುವ ಹುಡುಗಿಯನ್ನು ಕಂಡರೆ ಮನೆಯವರಿಗೂ ವೈದ್ಯರಿಗೂ ಮೊದಲು ಬರುತ್ತಿದ್ದ ಭಯ ಕ್ಷಯದ್ದು. ಇದು ಇಲ್ಲಿಯ ವೈದ್ಯರ ತಪ್ಪೇನೂ ಅಲ್ಲ. ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ 1689ರಲ್ಲಿ ಇಂಥ ರೋಗಿಯೊಬ್ಬಳನ್ನು ವರ್ಣಿಸಿದ್ದು ಕ್ಷಯರೋಗದ ಮೇಲಿನ ಗ್ರಂಥದಲ್ಲೇ. ಕ್ಷಯವಲ್ಲವೆಂದರೆ ದೃಷ್ಟಿ, ದೃಷ್ಟಿಯಲ್ಲವೆಂದರೆ ಹೊಟ್ಟೆಯ ಹುಳ, ಅದೂ ಅಲ್ಲವೆಂದರೆ ಮದುವೆಯ ಚಿಂತೆ: ಮನೆಯಲ್ಲಿ ವಿವರಣೆಗೆ ಕೊರತೆಯಿರಲಿಲ್ಲ.

ಆಡಳಿತವೂ ಎರಡು ಪಾಲಾಗಿತ್ತು. 1809ರಲ್ಲಿ ಹುಟ್ಟಿದ ದಂಡು, 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಸಂಸ್ಥಾನಕ್ಕೆ ಸೇರಿದ್ದು 1947ರಲ್ಲಿ. ಹಲಸೂರು, ಶಿವಾಜಿನಗರಗಳ ಜನರ ಮೈಯ ಕಾಯಿಲೆಗೆ ಬೌರಿಂಗ್ ಇತ್ತು. ಮನಸ್ಸಿನ ಕಾಯಿಲೆಯ ಆಸ್ಪತ್ರೆ ಮೈಸೂರು ಸರ್ಕಾರದ ಕಡೆ ಇತ್ತು. 1847ರಲ್ಲಿ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬ ವೈದ್ಯನ ಕಾಲದಲ್ಲಿ ಆರಂಭವಾದ ಹುಚ್ಚರ ಆಶ್ರಯ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡು, 1930ರ ದಶಕದ ಕೊನೆಯ ಹೊತ್ತಿಗೆ ಹೊಸೂರು ರಸ್ತೆಯ ಬದಿಯ ಈಗಿನ ಜಾಗಕ್ಕೆ ಬಂತು. ಅನೊರೆಕ್ಸಿಯಾದಂಥ ಕಾಯಿಲೆ ಮೈ, ಮನಸ್ಸು ಎರಡನ್ನೂ ಹಿಡಿಯುತ್ತದೆ. ಒಂದು ಕಡೆ ತೂಕ ನೋಡುವವರು, ಇನ್ನೊಂದು ಕಡೆ ಮನಸ್ಸು ನೋಡುವವರು ಎಂದು ಹಂಚಿಹೋದಾಗ ಇಂಥ ರೋಗ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಹಂಚಿಕೆಯ ತೊಡಕು ಎಲ್ಲೆ ಅಳಿಸಿಹೋದ ಮೇಲೂ ಬಹಳ ಕಾಲ ಉಳಿಯಿತು.

ಮಾತಿನಿಂದ ಮಾಡುವ ಚಿಕಿತ್ಸೆ ಬೆಂಗಳೂರಿನಲ್ಲಿ ವೃತ್ತಿಯಾಗಿ ಬೇರೂರಿದ್ದು ಸ್ವಾತಂತ್ರ್ಯದ ನಂತರ. 1954ರಲ್ಲಿ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1955ರಲ್ಲಿ ಅಲ್ಲಿ ಆರಂಭವಾದ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ, ವೈದ್ಯರಲ್ಲದವರನ್ನೂ ಮನೋಚಿಕಿತ್ಸೆಗೆ ತಯಾರು ಮಾಡುವ ದೇಶದ ಮೊದಲ ವ್ಯವಸ್ಥಿತ ಶಿಕ್ಷಣವಾಯಿತು. ಎರಡೂ ಸಂಸ್ಥೆಗಳು ಒಂದಾಗಿ 1974ರಲ್ಲಿ ನಿಮ್ಹಾನ್ಸ್ (ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಆದವು.

ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಿಂದ 1964ರಲ್ಲಿ ಹೊರಬಂದ ಒಂದು ಪ್ರಬಂಧ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ ಭಾರತದಲ್ಲಿ ಮನೋಚಿಕಿತ್ಸೆ ನಡೆಸುವಾಗ ಎದುರಾಗುವ ಮೂಲಭೂತ ಪ್ರಶ್ನೆಗಳನ್ನು ಅದರಲ್ಲಿ ಎತ್ತಿದರು. ಪಶ್ಚಿಮದ ಪುಸ್ತಕಗಳಲ್ಲಿ ಚಿಕಿತ್ಸಕ ಮೌನವಾಗಿ ಕೂತು ಕೇಳುವವನು, ರೋಗಿ ತನ್ನೊಳಗನ್ನು ತಾನೇ ಅಗೆದು ತೆಗೆಯುವವನು. ಇಲ್ಲಿಯ ರೋಗಿ ಹಾಗಿರಲಿಲ್ಲ. ಒಳಮನಸ್ಸಿನ ವಿವರಣೆಗಿಂತ ಈಗಿನ ಕಷ್ಟಕ್ಕೆ ನೇರವಾದ ಆಸರೆ ಅವನಿಗೆ ಬೇಕಿತ್ತು. ಚಿಕಿತ್ಸಕನನ್ನು ಅವನು ಮನೆಯ ಹಿರಿಯನ ಸ್ಥಾನದಲ್ಲಿಟ್ಟು ನೋಡುತ್ತಿದ್ದ, ಸಲಹೆ ಕೇಳುತ್ತಿದ್ದ, ಗೊತ್ತುಮಾಡಿದ ಹೊತ್ತು ಮುಗಿದರೂ ಏಳುತ್ತಿರಲಿಲ್ಲ. ಇದನ್ನು ರೋಗಿಯ ಕೊರತೆಯೆಂದು ಬಗೆಯುವವರಿದ್ದರು. ಸೂರ್ಯ ಮತ್ತು ಜಯರಾಂ ಹಾಗೆ ಬಗೆಯಲಿಲ್ಲ. ಚಿಕಿತ್ಸೆಯೇ ಈ ಸಂಬಂಧದ ರೀತಿಗೆ ಹೊಂದಿಕೊಳ್ಳಬೇಕು ಎಂದರು. ಅನೊರೆಕ್ಸಿಯಾದ ಹೆಸರು ಆ ಚರ್ಚೆಯಲ್ಲಿ ಮುಖ್ಯವಾಗಿರಲಿಲ್ಲ, ಆದರೆ ಮುಂದೆ ಅದರ ಚಿಕಿತ್ಸೆಗೆ ಬೇಕಾದ ನೆಲ ಹದವಾದದ್ದು ಇಲ್ಲೇ.

ಅದೇ ಕಾಲದ ಇನ್ನೊಂದು ಬೆಳವಣಿಗೆ ಇದಕ್ಕಿಂತಲೂ ದೊಡ್ಡದು. 1950ರ ದಶಕದಲ್ಲಿ ಅಮೃತಸರದ ವಿದ್ಯಾಸಾಗರ್ ಎಂಬ ವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನಲ್ಲೂ ಆಮೇಲೆ ಬೆಂಗಳೂರಿನಲ್ಲೂ ಈ ಪದ್ಧತಿ ಬೇರೆ ಬೇರೆ ರೂಪದಲ್ಲಿ ಬೆಳೆಯಿತು. ನಿಮ್ಹಾನ್ಸ್‌ನ ಕುಟುಂಬ ವಾರ್ಡಿನಲ್ಲಿ ರೋಗಿಯ ಜೊತೆ ಮನೆಯವರು ತಂಗುತ್ತಿದ್ದರು. ಚಿಕಿತ್ಸಕರು ಅವರೊಂದಿಗೂ ಕೂತು ಮಾತಾಡುತ್ತಿದ್ದರು, ಕುಟುಂಬಗಳನ್ನು ಗುಂಪಾಗಿ ಕೂರಿಸಿ ಒಬ್ಬರ ಅನುಭವ ಇನ್ನೊಬ್ಬರಿಗೆ ದಕ್ಕುವಂತೆ ಮಾಡುತ್ತಿದ್ದರು. ಆರ್.ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ ಮತ್ತು ಎಸ್.ಎಂ. ಚನ್ನಬಸವಣ್ಣ 1980ರಲ್ಲಿ ಈ ವಾರ್ಡಿನ ಕೆಲಸವನ್ನು ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಇದರ ಹಿಂದೆ ಸಿಬ್ಬಂದಿಯ ಕೊರತೆಯೂ ಇತ್ತು, ಮನೆಯವರನ್ನು ಹೊರಗಿಟ್ಟರೆ ಇಲ್ಲಿ ಚಿಕಿತ್ಸೆ ಸಾಗದು ಎಂಬ ತಿಳಿವಳಿಕೆಯೂ ಇತ್ತು. ಅನಿವಾರ್ಯವಾಗಿ ಶುರುವಾದದ್ದನ್ನು ಇಲ್ಲಿಯವರು ವಿದ್ಯೆಯಾಗಿ ಬೆಳೆಸಿದರು. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಅವರಿಗೆ ಸಿಕ್ಕಿಲ್ಲ.

ಪಶ್ಚಿಮದಲ್ಲಿ ಅಷ್ಟರೊಳಗೆ ಅನೊರೆಕ್ಸಿಯಾದ ವಿವರಣೆ ಬದಲಾಗಿತ್ತು. ಗಲ್‌ನ ರೋಗಿಗಳು ದಪ್ಪಗಾಗುವ ಭಯದ ಮಾತೆತ್ತಿದ್ದು ಅವನ ಬರಹದಲ್ಲಿಲ್ಲ. ಮೈಯ ಚಿತ್ರ ಕೆಟ್ಟಿರುವುದೇ ರೋಗದ ತಿರುಳು ಎಂದು ಬಲವಾಗಿ ವಾದಿಸಿದವರು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಹಿಲ್ಡೆ ಬ್ರುಕ್. 1962ರ ಲೇಖನದಲ್ಲಿ ಅವರು ಮೂರು ಕೇಡುಗಳನ್ನು ಗುರುತಿಸಿದರು: ಭ್ರಮೆಯ ಮಟ್ಟಕ್ಕೆ ತಿರುಚಿಹೋದ ದೇಹಬಿಂಬ, ಹಸಿವು ದಣಿವುಗಳಂಥ ಒಳಸೂಚನೆಗಳನ್ನು ಗುರುತಿಸಲಾಗದ ಸ್ಥಿತಿ, ತನ್ನಿಂದ ಏನೂ ಆಗದೆಂಬ ಆಳವಾದ ಅಸಹಾಯಕತೆ. ಈ ಮೂರನೆಯದನ್ನು ಜನ ಮರೆತುಬಿಡುತ್ತಾರೆ. ಬದುಕಿನಲ್ಲಿ ಯಾವುದರ ಮೇಲೂ ಹಿಡಿತವಿಲ್ಲವೆನಿಸಿದ ಹುಡುಗಿಗೆ ತಟ್ಟೆಯ ಮೇಲಾದರೂ ಹಿಡಿತ ಸಿಗುತ್ತದೆ; ಅದನ್ನು ಬಿಡಲು ಅವಳು ಹೆದರುತ್ತಾಳೆ. 1978ರಲ್ಲಿ ಸಾಲ್ವಡಾರ್ ಮಿನುಚಿನ್ ಮತ್ತು ಸಂಗಡಿಗರು ಇಡೀ ಕುಟುಂಬವನ್ನು ಊಟದ ಮೇಜಿನ ಸುತ್ತ ಕೂರಿಸಿ ಮಾಡುವ ಚಿಕಿತ್ಸೆಯನ್ನು ಪ್ರಕಟಿಸಿದರು. ಆದರೆ ಅವರು ರೋಗದ ಮೂಲವನ್ನು ಕುಟುಂಬದ ರಚನೆಯಲ್ಲೇ ಹುಡುಕಿದ್ದರಿಂದ ಎಷ್ಟೋ ತಾಯಂದಿರು ತಪ್ಪಿತಸ್ಥರಂತೆ ತಲೆ ತಗ್ಗಿಸಬೇಕಾಯಿತು.

ತಿರುವು ಬಂದದ್ದು 1987ರಲ್ಲಿ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು 80 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, 19 ವರ್ಷಕ್ಕೆ ಮೊದಲೇ ರೋಗ ಶುರುವಾಗಿ ಮೂರು ವರ್ಷ ದಾಟದ ರೋಗಿಗಳಿಗೆ ಒಂಟಿ ಚಿಕಿತ್ಸೆಗಿಂತ ಕುಟುಂಬದೊಂದಿಗಿನ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ಇದರಿಂದ ಬೆಳೆದ ಪದ್ಧತಿಯಲ್ಲಿ ಮೊದಲ ಹಂತದಲ್ಲಿ ಊಟದ ಜವಾಬ್ದಾರಿಯನ್ನು ತಾಯಿತಂದೆಯರು ಪೂರ್ತಿ ಹೊರುತ್ತಾರೆ, ತೂಕ ಏರಿದಂತೆ ಅದನ್ನು ಮಗಳಿಗೆ ಮರಳಿಸುತ್ತಾರೆ, ಕೊನೆಗೆ ಹದಿವಯಸ್ಸಿನ ಉಳಿದ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತಾರೆ. ರೋಗಕ್ಕೆ ಮನೆಯವರು ಕಾರಣವೋ ಅಲ್ಲವೋ ಎಂಬ ವಿಚಾರಣೆ ಇಲ್ಲಿಲ್ಲ. ಗಲ್ ಹೊರಗೆ ಕಳಿಸಿದ್ದ ತಾಯಿ ಸುಮಾರು 120 ವರ್ಷಗಳ ನಂತರ ಮತ್ತೆ ಒಳಗೆ ಬಂದಳು. ಬೆಂಗಳೂರಿನ ಕುಟುಂಬ ವಾರ್ಡಿನಲ್ಲಿ ಅವಳು ಅದಾಗಲೇ ಇದ್ದಳು.

ದಂಡಿನ ಬೀದಿಗಳಲ್ಲಿ ಮೈಯ ಬಗೆಗಿನ ಕಲ್ಪನೆಯೂ ಈ ನಡುವೆ ಬೇರೆಯಾಗುತ್ತಿತ್ತು. ಹಳೆಯ ಬೆಂಗಳೂರಿನಲ್ಲಿ ಮೈಕೈ ತುಂಬಿಕೊಂಡಿರುವುದೇ ಆರೋಗ್ಯದ, ಅನುಕೂಲದ ಗುರುತು. ಬಾಣಂತನ ಮುಗಿಸಿ ಬಂದವಳು ಮೈ ತುಂಬಿಕೊಂಡಿದ್ದರೆ ತವರಿಗೆ ಹೆಸರು. ದಂಡಿನಲ್ಲಿ ಇದರ ಜೊತೆಗೇ ಇನ್ನೊಂದು ಕಣ್ಣು ಬೆಳೆಯಿತು. ಎಂ.ಜಿ. ರಸ್ತೆಯ ಸುತ್ತಲಿನ ಸಿನಿಮಾ ಮಂದಿರಗಳಲ್ಲಿ ಹಾಲಿವುಡ್ ಚಿತ್ರಗಳು ಓಡುತ್ತಿದ್ದವು, ವಧುವಿನ ಫೋಟೊಗಾಗಿ ಸ್ಟುಡಿಯೊಗಳಲ್ಲಿ ನಿಲ್ಲುವುದು ರೂಢಿಯಾಗಿತ್ತು. ಕಮರ್ಷಿಯಲ್ ಸ್ಟ್ರೀಟಿನ ದರ್ಜಿ ಮೈ ಅಳೆದು ಬಟ್ಟೆ ಹೊಲಿಯುತ್ತಿದ್ದ ಕಾಲದಲ್ಲಿ ಬಟ್ಟೆ ಮೈಗೆ ಹೊಂದಿಕೊಳ್ಳುತ್ತಿತ್ತು. ಅದೇ ಬೀದಿಯಲ್ಲಿ ಸಿದ್ಧ ಉಡುಪು ಬಂದಾಗ ಮೈಗೆ ಒಂದು ಸಂಖ್ಯೆ ಅಂಟಿಕೊಂಡಿತು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿ ತೆರೆಯಿತು, ಮರುವರ್ಷ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. 1996ರ ನವೆಂಬರ್ 23ರಂದು, ದಂಡಿನ ಅಂಚಿನಲ್ಲೇ ಇರುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಮಹಿಳಾ ಸಂಘಟನೆಗಳು, ರೈತರು, ಹಿಂದುತ್ವದ ಗುಂಪುಗಳು ಬೇರೆ ಬೇರೆ ಕಾರಣಗಳಿಂದ ವಿರೋಧಿಸಿದ್ದರಿಂದ ಈಜುಡುಪಿನ ಸುತ್ತನ್ನು ಸೇಶೆಲ್ಸ್‌ಗೆ ಸಾಗಿಸಬೇಕಾಯಿತು. ಕೊಬ್ಬಿನ ತಿಂಡಿಯೂ ತೆಳುಮೈಯ ಮೆರವಣಿಗೆಯೂ ಹದಿನೆಂಟು ತಿಂಗಳೊಳಗೆ ಒಂದೇ ನಗರಕ್ಕೆ ಬಂದಿಳಿದವು. ಇವುಗಳಿಂದಲೇ ಅನೊರೆಕ್ಸಿಯಾ ಹುಟ್ಟಿತೆನ್ನುವುದು ತಪ್ಪು. ವಂಶವಾಹಿ, ಸ್ವಭಾವ, ಹರೆಯದ ಮೈ ಬದಲಾವಣೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೆ ಊಟ ಬಿಡುವ ಹುಡುಗಿ ಅದಕ್ಕೆ ಕೊಡುವ ಕಾರಣ ಇಂಥ ಗಾಳಿಯಲ್ಲಿ ಬದಲಾಗುತ್ತದೆ.

ಆ ಕಾರಣದ ಪ್ರಶ್ನೆಯೇ ವೈದ್ಯರನ್ನು ಬಹಳ ಕಾಲ ಗೊಂದಲದಲ್ಲಿಟ್ಟಿತು. 1989ರಲ್ಲಿ ಕಿಂಗ್ ಮತ್ತು ಭುಗ್ರಾ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಪಶ್ಚಿಮದ ಪ್ರಶ್ನಾವಳಿ ಕೊಟ್ಟಾಗ ಬಹಳ ಮಂದಿ ರೋಗದ ಅಂಚಿನಲ್ಲಿರುವಂತೆ ಕಂಡರು. ವಿಚಾರಿಸಿ ನೋಡಿದರೆ ಕೆಲವು ಪ್ರಶ್ನೆಗಳನ್ನು ಅವರು ವ್ರತ, ಉಪವಾಸಗಳ ಅರ್ಥದಲ್ಲಿ ತೆಗೆದುಕೊಂಡಿದ್ದರು. ಏಕಾದಶಿ, ಸಂಕಷ್ಟಿಗಳ ಮನೆಗಳಿರುವ ಹಲಸೂರಿನಲ್ಲಿ, ರಂಜಾನಿನ ತಿಂಗಳಿಡೀ ಸಂಜೆಗಾಗಿ ಕಾಯುವ ಶಿವಾಜಿನಗರದಲ್ಲಿ, ಸಂತ ಮೇರಿ ಬೆಸಿಲಿಕಾದ ಭಕ್ತರು ತಪಸ್ಸು ಕಾಲದಲ್ಲಿ ಮಾಂಸ ಬಿಡುವ ಕಡೆ, ಊಟ ಬಿಡುವುದೊಂದನ್ನೇ ರೋಗದ ಗುರುತಾಗಿ ಹಿಡಿಯಲಾಗದು. ವ್ರತಕ್ಕೆ ಪಾರಣೆಯಿದೆ, ರೋಜಾಕ್ಕೆ ಇಫ್ತಾರ್ ಇದೆ. ಅನೊರೆಕ್ಸಿಯಾದ ಉಪವಾಸಕ್ಕೆ ಬಿಡುವ ಹೊತ್ತಿಲ್ಲ. ಅದನ್ನು ಗುರುತಿಸಲು ಇಲ್ಲಿ ಇದು ಒಳ್ಳೆಯ ಅಳತೆ.

1993ರಲ್ಲಿ ಹಾಂಗ್‌ಕಾಂಗಿನ ಸಿಂಗ್ ಲೀ 70 ರೋಗಿಗಳನ್ನು ನೋಡಿ, ಅರ್ಧಕ್ಕಿಂತ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲವೆಂದು ಬರೆದರು. ಹೊಟ್ಟೆಯುಬ್ಬರ, ಹಸಿವಿಲ್ಲ, ಸೇರುವುದಿಲ್ಲ ಎಂಬುದಷ್ಟೇ ಅವರ ದೂರು. 1995ರಲ್ಲಿ ದೆಹಲಿಯ ಖಂಡೇಲವಾಲ್ ಮತ್ತು ಸಂಗಡಿಗರು ಬಣ್ಣಿಸಿದ ಐವರು ಯುವತಿಯರಲ್ಲೂ ದೇಹಬಿಂಬ ಕೆಟ್ಟಿರಲಿಲ್ಲ. 2012ರಲ್ಲಿ ನಿಮ್ಹಾನ್ಸ್‌ನ ಪ್ರಭಾ ಎಸ್. ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೂರರಲ್ಲಿ ಎರಡು ಪಾಲು ವೈದ್ಯರು ತಿನ್ನುವಿಕೆಗೆ ಸಂಬಂಧಿಸಿದ ಇಂಥ ಕಾಯಿಲೆಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಇದು ಇಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದ ಮಾತು ಅಲ್ಲಿಗೆ ನಿಂತಿತು. ಇಲ್ಲಿಯ ಎಷ್ಟೋ ರೋಗಿಗಳು 1996ರ ಫ್ಯಾಷನ್ ಪತ್ರಿಕೆಯ ಓದುಗರಿಗಿಂತ 1873ರಲ್ಲಿ ಗಲ್ ವರ್ಣಿಸಿದ ಹುಡುಗಿಯರಿಗೆ ಹತ್ತಿರದವರು. ಭಯವನ್ನು ಬಾಯಿಬಿಟ್ಟು ಹೇಳದ ಮಾತ್ರಕ್ಕೆ ರೋಗವಿಲ್ಲವೆಂದು ಕಳಿಸಿದರೆ ಅವರು ಹೊಟ್ಟೆಯ ವೈದ್ಯರಿಂದ ಹೊಟ್ಟೆಯ ವೈದ್ಯರಿಗೆ ಅಲೆಯುತ್ತಾ ಇನ್ನೂ ಇಳಿಯುತ್ತಾರೆ.

ಚಿಕಿತ್ಸೆಯ ಕ್ರಮ ಈಗ ಬಹುಮಟ್ಟಿಗೆ ನಿಶ್ಚಿತವಾಗಿದೆ. ಮೊದಲು ಆಹಾರ. ತೀರ ಇಳಿದವರಿಗೆ ಒಮ್ಮೆಗೇ ಹೆಚ್ಚು ತಿನ್ನಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ, ಹಾಗಾಗಿ ರಕ್ತಪರೀಕ್ಷೆಯೊಡನೆ ನಿಧಾನವಾಗಿ ಏರಿಸಬೇಕು. ಆಹಾರವೇ ಮೊದಲು ಎನ್ನುವುದಕ್ಕೆ ಆಧಾರ 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಅರೆಹೊಟ್ಟೆಯಲ್ಲಿಟ್ಟು ಆನ್ಸೆಲ್ ಕೀಸ್ ಮಾಡಿದ ಪ್ರಯೋಗ. ಅವರೂ ದಿನವಿಡೀ ಊಟದ ಯೋಚನೆಯಲ್ಲೇ ಮುಳುಗಿದರು, ತುತ್ತನ್ನು ಚೂರು ಮಾಡಿ ಗಂಟೆಗಟ್ಟಲೆ ತಿಂದರು, ಸಿಡುಕಿದರು, ಜನರಿಂದ ದೂರವಾದರು. ಹಸಿದ ಮಿದುಳಿಗೆ ಮಾತಿನ ಚಿಕಿತ್ಸೆ ಹತ್ತುವುದಿಲ್ಲ.

ತೂಕ ಏರತೊಡಗಿದ ಮೇಲೆ ದೇಹಬಿಂಬದ ಕೆಲಸ. ದಿನಕ್ಕೆ ಎಷ್ಟು ಸಲ ಮಣಿಕಟ್ಟನ್ನು ಬೆರಳಿನಿಂದ ಸುತ್ತಿ ಅಳೆಯುತ್ತಾಳೆ, ಎಷ್ಟು ಸಲ ಹೊಟ್ಟೆ ಚಿವುಟಿ ನೋಡುತ್ತಾಳೆ, ಯಾರೊಂದಿಗೆ ಹೋಲಿಸಿಕೊಳ್ಳುತ್ತಾಳೆ ಎಂಬುದನ್ನು ಬರೆದಿಡಲು ಹೇಳುತ್ತಾರೆ. ಬರೆದಾಗ ಅದು ಅವಳಿಗೇ ಮೊದಲ ಸಲ ಕಾಣುತ್ತದೆ. ನೆಲದ ಮೇಲೆ ಹಗ್ಗವಿಟ್ಟು ತನ್ನ ಸೊಂಟದ ಸುತ್ತಳತೆ ಇಷ್ಟಿರಬಹುದೆಂದು ತೋರಿಸಲು ಹೇಳಿ, ಆಮೇಲೆ ನಿಜವಾದ ಅಳತೆಯನ್ನು ಪಕ್ಕದಲ್ಲಿಡುವುದುಂಟು. ಕನ್ನಡಿಯೆದುರು ನಿಂತು ಅಸಹ್ಯ, ದಪ್ಪ ಎಂಬ ಮಾತುಗಳನ್ನು ಬಿಟ್ಟು, ಕಣ್ಣಿಗೆ ಕಂಡಷ್ಟನ್ನೇ ತಲೆಯಿಂದ ಪಾದದವರೆಗೆ ಹೇಳಿಸುವುದು ಇನ್ನೊಂದು ವಿಧಾನ. ತೂಕವನ್ನು ವಾರಕ್ಕೊಮ್ಮೆ ಮಾತ್ರ, ಚಿಕಿತ್ಸಕರ ಜೊತೆಯಲ್ಲಿ ನೋಡುವುದು ನಿಯಮ. ಕ್ರಿಸ್ಟೊಫರ್ ಫೇರ್‌ಬರ್ನ್ ಆಕ್ಸ್‌ಫರ್ಡಿನಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ತೂಕ ತೀರ ಇಳಿದವರಿಗೆ ಸುಮಾರು 40 ಭೇಟಿಗಳಿರುತ್ತವೆ. ತನ್ನ ಬೆಲೆಯನ್ನೆಲ್ಲ ಆಕಾರದ ಮೇಲೇ ಕಟ್ಟಿಕೊಂಡ ಹುಡುಗಿಯ ಬದುಕಿನಲ್ಲಿ ಸ್ನೇಹ, ಓದು, ಸಂಗೀತಗಳಿಗೆ ಮತ್ತೆ ಜಾಗ ಮಾಡಿಕೊಡುವುದು ಅದರ ದೊಡ್ಡ ಭಾಗ. ಎಲ್ಲಕ್ಕಿಂತ ನಿಧಾನವಾಗಿ ಬದಲಾಗುವುದು ಈ ಮೈಯ ಚಿತ್ರವೇ. ತೂಕ ಸರಿಹೋದರೂ ಅದು ಉಳಿದುಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.

ಮನೆಯವರನ್ನು ಒಳಗೆ ಕರೆಯುವುದು ಸುಲಭದ ಮಾತೂ ಅಲ್ಲ. ಮಗಳ ಎದುರು ಕೂತು ಪ್ರತಿ ತುತ್ತನ್ನೂ ಕಾಯುವ ತಾಯಿಯ ಹಿಂದೆಯೇ, ಬಾಗಿಲಲ್ಲಿ ಎದುರಾದ ಕೂಡಲೇ ‘ದಪ್ಪ ಆಗಿದ್ದೀಯಲ್ಲೇ’ ಎನ್ನುವ ಅತ್ತೆಯೂ, ‘ಹೀಗೆ ಕಡ್ಡಿ ಥರ ಇದ್ರೆ ಯಾರು ಒಪ್ತಾರೆ’ ಎನ್ನುವ ಚಿಕ್ಕಪ್ಪನೂ ಇರುತ್ತಾರೆ. ಕುಟುಂಬ ಚಿಕಿತ್ಸೆಯಲ್ಲಿ ಮೈಯ ಮೇಲಿನ ಮಾತುಗಳಿಗೆ ಮನೆಯಲ್ಲಿ ಪೂರ್ತಿ ತಡೆ ಹಾಕುವುದು ಮೊದಲ ಒಪ್ಪಂದಗಳಲ್ಲಿ ಒಂದು. ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರುಗಳಲ್ಲಿ ಭಾಷೆಯೂ ಸೇರಿಕೊಳ್ಳುತ್ತದೆ: ಅಜ್ಜಿ ತಮಿಳು ಅಥವಾ ದಖನಿ ಆಡುತ್ತಾಳೆ, ಅಪ್ಪ ಕನ್ನಡ, ಮಗಳು ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಮಾತ್ರ ಹೇಳಬಲ್ಲಳು. ಒಂದೇ ಕೋಣೆಯಲ್ಲಿ ಮೂರು ಭಾಷೆಗಳ ನಡುವೆ ಓಡಾಡಬಲ್ಲ ಚಿಕಿತ್ಸಕರು ಇಲ್ಲಿ ಬೇಕು.

ದಂಡಿನ ಪೂರ್ವ ಭಾಗದಲ್ಲಿ ಈ ವೃತ್ತಿಗೆ ತನ್ನದೇ ಬೇರು ಇದೆ. ಪಾಟರಿ ರಸ್ತೆಯ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಷನ್ 1964ರಷ್ಟು ಹಿಂದೆಯೇ ವೈದ್ಯರನ್ನೂ ಪಾದ್ರಿಗಳನ್ನೂ ಒಟ್ಟುಗೂಡಿಸಿ ಹುಟ್ಟಿತು. ಆಸ್ಪತ್ರೆಯಿಂದ ಬಿಡುಗಡೆಯಾದವರು ಮನೆಗೆ ಹೋಗುವ ಮುಂಚೆ ತಂಗುವ ಹಾಫ್‌ವೇ ಹೋಮ್ ಅನ್ನು ದೇಶದಲ್ಲಿ ಮೊದಮೊದಲು ನಡೆಸಿದವರಲ್ಲಿ ಅದೂ ಒಂದು. 1990ರ ದಶಕದಲ್ಲಿ ಇಂದಿರಾನಗರದಲ್ಲಿ ಪರಿವರ್ತನ್ ಸಂಸ್ಥೆ ಆಪ್ತಸಮಾಲೋಚನೆಯ ಜೊತೆಗೆ ಸಮಾಲೋಚಕರ ತರಬೇತಿಯನ್ನೂ ಕೈಗೆತ್ತಿಕೊಂಡಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಸಮಾಲೋಚಕರಿಗೆ ಅಂಥ ಕಟ್ಟುಪಾಡು ಬಹುಕಾಲ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಪ್ರಾಪ್ತರನ್ನು ದಾಖಲಿಸಿದಾಗ ಪೋಷಕರು ಅಥವಾ ಅವರು ಗೊತ್ತುಮಾಡಿದವರೊಬ್ಬರು ಜೊತೆಯಲ್ಲೇ ಇರಬೇಕೆಂದು ವಿಧಿಸುತ್ತದೆ. ಕುಟುಂಬ ವಾರ್ಡಿನ ರೂಢಿ ಹೀಗೆ ಕಾನೂನಿನಲ್ಲೂ ಸೇರಿಕೊಂಡಿತು.

ಬೌರಿಂಗ್ ಆಸ್ಪತ್ರೆ ಈಗ ತನ್ನದೇ ವೈದ್ಯಕೀಯ ಕಾಲೇಜಿರುವ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚಿಕಿತ್ಸಾ ಶಿಬಿರ ನಡೆಸುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಿಂದ, ಕೆ.ಆರ್. ಪುರದಂಥ ಕಡೆಯವರೂ ಮೊದಲ ಮಾತಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದು. ಇವೆಲ್ಲ ಮೊದಲ ಬಾಗಿಲುಗಳು. ತೂಕ ತೀರ ಇಳಿದ ಹುಡುಗಿಗೆ ಅದರಾಚೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಪಥ್ಯತಜ್ಞರು, ರಕ್ತಪರೀಕ್ಷೆ ನೋಡಿಕೊಳ್ಳುವ ಫಿಸಿಶಿಯನ್ ಎಲ್ಲರೂ ಒಂದೇ ಕಡೆ, ಒಂದೇ ಯೋಜನೆಯಡಿ ಸಿಗಬೇಕು; ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಅದು ಇಂದು ಸಾಧ್ಯವಿದೆ, ಬಡಾವಣೆಯ ಮಟ್ಟದಲ್ಲಿ ಇನ್ನೂ ಆಗಬೇಕಿದೆ.